ದಂಡಿಗೆ ರೊಟ್ಟಿ ಬಡಿದವಳು

ಮೂರು ಗಂಟೆಗೆ ಎದ್ದು ಮೊದಲು ಬಚ್ಚಲ ಒಲೆಗೆ ಕಟ್ಟಿಗೆ ಒಟ್ಟಬೇಕು. ನೀರು ಕಾಯುವಷ್ಟರಲ್ಲಿ ಅಂಗಳ ಗುಡಿಸಿ, ಎಮ್ಮೆಯ ಸಗಣಿ ಬಳಿದು ತಿಪ್ಪೆಗೆ ಹಾಕಿ, ಎಮ್ಮೆಯ ಮುಂದೆ ಒಂದು ತೆಕ್ಕೆ ಜೋಳದ ಕಣಿಕೆ ಚೆಲ್ಲಬೇಕು. ನಳ ಬರುವ ದಿನವಾದರೆ ಕೊಡಗಳನ್ನು ಸಾಲಿಗೆ ಹಚ್ಚಬೇಕು, ಬಾರದ ದಿನವಾದರೆ ಬೋರಿಗೆ ಮೂರು ಸಲ ಹೋಗಿಬರಬೇಕು. ರಾತ್ರಿಯ ಮುಸುರೆ ತಿಕ್ಕಬೇಕು. ಎಮ್ಮೆ ಹಿಂಡಿ, ಹಾಲು ಕಾಸಿ, ಚಹಾ ಮಾಡಿ ಮುಚ್ಚಿಡಬೇಕು. ಆಮೇಲೆ ಕುಸುಬಿ ಎಣ್ಣೆ ಬಿಸಿ ಮಾಡಿ ಗಂಡನ ಬೆನ್ನಿಗೆ ತಿಕ್ಕಬೇಕು, ಯಾಕೆಂದರೆ ಅವನು ನಿನ್ನೆ ಸೊನ್ನದ ಬಯಲಲ್ಲಿ ಹನ್ನೊಂದು ಸಲ ಸತ್ತು ಬಂದಿದ್ದಾನೆ.

ಇಷ್ಟೆಲ್ಲ ಮುಗಿದ ಮೇಲೆ ಹಜರಾಬಿಯ ಕೆಲಸ ಶುರುವಾಗುತ್ತಿತ್ತು. ಅಲ್ಲಿಯವರೆಗಿನದಕ್ಕೆ ಗೊಬ್ಬೂರಿನಲ್ಲಿ ಯಾರೂ ಕೆಲಸ ಅನ್ನುವುದಿಲ್ಲ. ಕೆಲಸವೆಂದರೆ ಹಿತ್ತಲಿನ ತಗಡಿನ ಚಪ್ಪರದ ಕೆಳಗಿನ ಎಂಟು ಒಲೆ, ಎಂಟು ಹಂಚು, ಎಂಟು ಮಂದಿ ಹೆಂಗಸರು, ಸಾವಿರದ ಇನ್ನೂರು ಜೋಳದ ರೊಟ್ಟಿ. ನಸುಕಿನ ಆಜಾನ್ ಕೇಳುವ ಹೊತ್ತಿಗೆ ಎಲ್ಲರೂ ಎಸರಿಟ್ಟು ಹಿಟ್ಟು ನಾದುತ್ತಿರುತ್ತಿದ್ದರು. ಎಂಟು ಜೋಡಿ ಕೈ ಒಟ್ಟಿಗೆ ಬಡಿಯತೊಡಗಿದರೆ ಪಕ್ಕದ ಮನೆಯ ಗಂಡಸರು ಹೊದಿಕೆ ತಲೆಯ ಮೇಲೆ ಎಳೆದುಕೊಂಡು, ಈ ಹೆಂಗಸರಿಗೆ ನಿದ್ದೆಯೇ ಇಲ್ಲವೇನೋ ಎಂದು ಬೈಯುತ್ತಿದ್ದರು. ಒಂಬತ್ತಕ್ಕೆ ಟೆಂಪೋ ಬಂದು ರೊಟ್ಟಿಯ ಬುಟ್ಟಿಗಳನ್ನೂ ಪುಂಡಿಪಲ್ಲೆಯ ಡಬರಿಗಳನ್ನೂ ಶೇಂಗಾ ಹಿಂಡಿಯ ಡಬ್ಬಿಯನ್ನೂ, ಬಡಿಸಲು ಹೆಂಗಸರನ್ನೂ ಏರಿಸಿಕೊಂಡು ಹೋಗುತ್ತಿತ್ತು.

ಟೆಂಪೋ ಹೋಗುತ್ತಿದ್ದುದು ಯುದ್ಧಕ್ಕೆ. ಸೊನ್ನದ ಬ್ಯಾರೇಜಿನ ಕೆಳಗೆ, ಭೀಮೆಯ ದಂಡೆಯ ಮೇಲೆ, ಸಾವಿರ ವರ್ಷದ ಹಿಂದಿನ ಇಬ್ಬರು ರಾಜರ ಕಾಳಗದ ಸಿನಿಮಾ ನಡೆದಿತ್ತು. ಸುತ್ತಲಿನ ಊರುಗಳಿಂದ ನಾಲ್ಕು ನೂರು ಗಂಡಸರನ್ನು ಸೈನಿಕರೆಂದು ಆರಿಸಿಕೊಂಡಿದ್ದರು. ಅರ್ಧ ಮಂದಿ ನಮ್ಮ ರಾಜನ ಕಡೆ, ಅರ್ಧ ಮಂದಿ ವೈರಿ ರಾಜನ ಕಡೆ. ಮೊದಲ ದಿನ ಎಲ್ಲರನ್ನೂ ಬಯಲಲ್ಲಿ ನಿಲ್ಲಿಸಿ, ಗಡ್ಡ ಇದ್ದವರು ಆ ಕಡೆ ಹೋಗಿ ಅಂದರಂತೆ. ಹೋದವರಲ್ಲಿ ಮುಕ್ಕಾಲು ಪಾಲು ಯಾರೆಂದು ಬೇರೆ ಹೇಳಬೇಕಿಲ್ಲ. ಅವರಿಗೆ ಕಪ್ಪು ಅಂಗಿ ತೊಡಿಸಿ, ಕಣ್ಣಿಗೆ ದಪ್ಪಗೆ ಸುರ್ಮಾ ಹಚ್ಚಿದರು.

ಸಿನಿಮಾದ ಇತಿಹಾಸ ತಪ್ಪಾಗದಂತೆ ನೋಡಿಕೊಳ್ಳಲು ಆಳಂದದಿಂದ ಕಲ್ಲಿನಾಥ ಸರ್ ಬಂದಿದ್ದರು. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಬಿಳಿ ಅಂಗಿ, ಕಂಕುಳಲ್ಲಿ ಡೈರಿ. ಅವರಿಗೊಂದು ದೊಡ್ಡ ಕೊಡೆ, ಕೊಡೆಯ ಕೆಳಗೆ ಕುರ್ಚಿ. ಆ ಕಾಲದಲ್ಲಿ ಕತ್ತಿ ಇಷ್ಟು ಬಾಗಿರಲಿಲ್ಲ ಎಂದು ಅವರು ನೂರು ಕತ್ತಿ ವಾಪಸು ಕಳಿಸಿದರು. ಕುದುರೆಗಳಿಗೆ ಕಾಲಿಟ್ಟು ಹತ್ತುವ ಕಬ್ಬಿಣದ ರಿಕಾಬು ಇರಬಾರದೆಂದು ಎರಡು ದಿನ ಶೂಟಿಂಗ್ ನಿಲ್ಲಿಸಿದರು. ದಂಡಿನ ಬಿಡಾರದಲ್ಲಿ ಅಂದಕ್ಕೆಂದು ಯಾರೋ ಕೆಂಪು ಮೆಣಸಿನಕಾಯಿಯ ಸರ ತೂಗುಬಿಟ್ಟಿದ್ದರು. ಮೆಣಸಿನಕಾಯಿ ನಮ್ಮ ದೇಶಕ್ಕೆ ಬಂದದ್ದೇ ಪೋರ್ಚುಗೀಸರ ಕಾಲಕ್ಕೆ ಎಂದು ಅದನ್ನೆಲ್ಲ ಬಿಚ್ಚಿಸಿದರು. ಆ ಮೆಣಸಿನಕಾಯಿ ಹಜರಾಬಿಯ ಅಡುಗೆಗೆ ಬಂತು. ಶೇಂಗಾ ಕೂಡ ಹಾಗೇ ಹಡಗಿನಲ್ಲಿ ಬಂದದ್ದು, ಆದರೆ ಹಿಂಡಿ ಇಲ್ಲದೆ ಎರಡೂ ದಂಡಿನವರು ಉಣ್ಣುವುದಿಲ್ಲವೆಂದು ಗೊತ್ತಿದ್ದರಿಂದ ಸರ್ ಅದರ ಮಾತೆತ್ತಲಿಲ್ಲ.

ಗಡ್ಡದ ಮಾತನ್ನೂ ಎತ್ತಲಿಲ್ಲ. ಎರಡೂ ರಾಜರು ಇದೇ ಮಣ್ಣಿನವರು, ಒಂದೇ ದೇವರಿಗೆ ಕೈಮುಗಿಯುತ್ತಿದ್ದವರು, ಸೈನಿಕರು ನೋಡಲು ಅಣ್ಣತಮ್ಮಂದಿರ ಹಾಗೇ ಇದ್ದಿರಬೇಕು ಎಂದು ಅವರೇ ಒಂದು ದಿನ ಊಟದ ಹೊತ್ತಿನಲ್ಲಿ ಹೇಳಿದ್ದರು. ಮತ್ತೆ ಈ ಸುರ್ಮಾ ಯಾಕೆ ಎಂದು ಯಾರೋ ಕೇಳಿದ್ದಕ್ಕೆ, ನೋಡುವವರಿಗೆ ದೂರದಿಂದಲೇ ವೈರಿ ಯಾರೆಂದು ತಿಳಿಯಬೇಕಲ್ಲ, ಸಿನಿಮಾಕ್ಕೆ ಅಷ್ಟು ಬೇಕಾಗುತ್ತದೆ ಅಂದರು.

ವೈರಿಯ ಕಡೆ ಹೋದವರಲ್ಲಿ ಒಬ್ಬನಾದ ಹಜರಾಬಿಯ ಗಂಡ ರಾಜೇಸಾಬನಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಖಜೂರಿಯ ಮೇಲೆ ಹಾಯ್ದು ಸೊಲ್ಲಾಪುರದ ಕಡೆ ಟ್ರಕ್ ಓಡಿಸುತ್ತಿದ್ದವನು ಬೆನ್ನು ಹಿಡಿದುಕೊಂಡು ನಾಲ್ಕು ವರ್ಷದಿಂದ ಮನೆಯಲ್ಲಿದ್ದ. ಈಗ ಮೊದಲ ಸಲ ಊರಿನ ಕಟ್ಟೆಯ ಮೇಲೆ ಅವನ ಸುತ್ತ ಜನ ಕೂಡುತ್ತಿದ್ದರು. ಈಟಿ ಹೊಕ್ಕಾಗ ಹೇಗೆ ಬೀಳಬೇಕು, ಕುದುರೆಯ ಕಾಲಿಗೆ ಸಿಗದಂತೆ ಹೇಗೆ ಹೊರಳಬೇಕು ಎಂದು ತೋರಿಸುತ್ತಿದ್ದ. ನೆಲದ ಮೇಲೆ ಬಿದ್ದು ತೋರಿಸಿದ ಬಟ್ಟೆಯನ್ನು ಹಜರಾಬಿ ಸಂಜೆ ಒಗೆಯುತ್ತಿದ್ದಳು. ಒಂದು ದಿನ ಆಕೆ, ಹೆಣಗಳಿಗೂ ಬಿಸಿನೀರು ಬೇಕಾಗುತ್ತದೆಂದು ಈಗ ಗೊತ್ತಾಯಿತು ಅಂದದ್ದಕ್ಕೆ ರಾಜೇಸಾಬ ನಕ್ಕಿದ್ದ. ವಯಸ್ಸಾದ ಮೇಲೆ ನಗುವುದನ್ನು ಕಲಿತಿದ್ದ.

ಒಂದು ಮಧ್ಯಾಹ್ನ ರೊಟ್ಟಿ ಹಂಚುತ್ತ ಹಜರಾಬಿ ಕಲ್ಲಿನಾಥ ಸರ್ ತಟ್ಟೆಯ ಮುಂದೆ ನಿಂತಳು. ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿದ್ದುದನ್ನು ಕೇಳಿದಳು.

"ಸರ್, ದಂಡು ಎಷ್ಟು ಮಂದೀದಿತ್ತರಿ?"

"ಇಪ್ಪತ್ತು ಸಾವಿರ. ಶಾಸನದಾಗ ಅದ."

"ಒಬ್ಬೊಬ್ಬರಿಗಿ ಮೂರು ಅಂದ್ರೂ ಒಂದು ಹೊತ್ತಿಗಿ ಅರವತ್ತು ಸಾವಿರ ರೊಟ್ಟಿ ಆದವ್ರಿ. ನಾವು ಒಬ್ಬಾಕಿ ಮುಂಜಾನಿತನ ಬಡದ್ರ ನೂರೈವತ್ತು. ಅಂದ್ರ ನಾಕ್ನೂರು ಹೆಣಮಕ್ಕಳು ಬೇಕಲ್ರಿ. ಅವರು ಎಲ್ಲಿದ್ರು?"

ಸರ್ ತುತ್ತು ನುಂಗಿದರು. "ಹೆಣಮಕ್ಕಳ ಹೆಸರು ಶಾಸನದಾಗ ಬರಂಗಿಲ್ಲವ್ವ."

"ಹೆಸರು ಬ್ಯಾಡ್ರಿ. ಹಿಟ್ಟರ ಅದ ಏನ್ರಿ?"

ಪಕ್ಕದಲ್ಲಿ ಉಣ್ಣುತ್ತಿದ್ದವರು ನಕ್ಕರು. ಹಜರಾಬಿ ನಗಲಿಲ್ಲ. ರಾಜ ಸುದ್ದಿ ಕೇಳಿದ ಕೂಡಲೇ ಕತ್ತಿ ಎತ್ತಿ ಕುದುರೆ ಹತ್ತುವುದನ್ನು ಆಕೆ ಮೊನ್ನೆ ನೋಡಿದ್ದಳು. ಹಾಗೆ ಹತ್ತಲು ಬರುವುದಿಲ್ಲ, ಎಂಟು ದಿನ ಮೊದಲೇ ಮನೆಮನೆಯಲ್ಲಿ ಖಡಕ್ ರೊಟ್ಟಿ ಬಡಿದು, ಒಣಗಿಸಿ, ಬಟ್ಟೆಯಲ್ಲಿ ಕಟ್ಟಿರಬೇಕು. ಯುದ್ಧ ಶುರುವಾಗುವುದು ಅವತ್ತು ಎಂದು ಆಕೆ ಹೇಳಿದಳು. ಸರ್ ಡೈರಿ ತೆಗೆದು ಏನೋ ಬರೆದುಕೊಂಡರು.

ಎರಡು ದಿನ ಬಿಟ್ಟು ಟಿವಿಯವರು ಬಂದಾಗ, ದಂಡಿನ ಆಹಾರದ ಬಗ್ಗೆ ತಾವು ನಡೆಸಿದ ಸಂಶೋಧನೆಯನ್ನು ಕಲ್ಲಿನಾಥ ಸರ್ ಕೊಡೆಯ ಕೆಳಗೆ ಕುಳಿತು ವಿವರಿಸಿದರು. ಖಡಕ್ ರೊಟ್ಟಿ ಬಂತು, ಎಂಟು ದಿನ ಬಂತು, ನಾಲ್ಕು ನೂರೂ ಬಂತು. ಬುಟ್ಟಿ ತೊಳೆಯುತ್ತಿದ್ದ ಭಾಗೀರಥಿಬಾಯಿ ಕೇಳಿಸಿಕೊಂಡು ಹಜರಾಬಿಯ ಪಕ್ಕೆ ತಿವಿದಳು. ಭಾಗೀರಥಿಬಾಯಿ ಪಕ್ಕದ ಮನೆಯವಳು, ಎಂಟು ಮಂದಿಯಲ್ಲಿ ಹಿರಿಯಳು, ಬಾಯಿಯಲ್ಲಿ ಸದಾ ಒಂದು ಚೂರು ಅಡಿಕೆ.

"ನಿನ್ನ ರೊಟ್ಟಿ ಉಂಡು ನಿನಗೇ ಪಾಠ ಹೇಳಾಕತ್ತಾನ ನೋಡಬೇ."

ನಿರ್ದೇಶಕನಿಗೂ ಆ ಮಾತು ಹಿಡಿಸಿತ್ತು. ಸಿನಿಮಾದಲ್ಲಿ ಒಂದು ಅಡುಗೆಯ ಬಿಡಾರ ಇರಲೇಬೇಕೆಂದ. ನಾಲ್ಕು ನೂರು ಹೆಂಗಸರೆಂದರೆ ನಾಲ್ಕು ನೂರು ಸೀರೆ, ಆಗದ ಮಾತು, ಒಬ್ಬಳು ಸಾಕು. ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರಬೇಕು. ವೈರಿಯ ದಂಡು ನುಗ್ಗಬೇಕು. ಒಬ್ಬ ಸೈನಿಕ ಆಕೆಯ ಕೂದಲು ಹಿಡಿದು ಹೊರಗೆಳೆಯಬೇಕು. ಹಂಚಿನ ಮೇಲಿನ ರೊಟ್ಟಿ ಒಂಟಿಯಾಗಿ ಸುಟ್ಟು ಕರಕಾಗಿ ಹೊಗೆಯಾಡಬೇಕು. ಆ ಹೊಗೆಯಿಂದ ಮುಂದಿನ ದೃಶ್ಯದ ಉರಿಯುವ ಕೋಟೆಗೆ ಹೋಗಬಹುದು. ಪೇಟೆಯ ನಟಿಯರಿಗೆ ರೊಟ್ಟಿ ಬಡಿಯಲು ಬರುವುದಿಲ್ಲ; ಬಡಿಯುವ ಹೆಂಗಸನ್ನೇ ಕೂರಿಸೋಣ, ಅದೇ ನೈಜ, ಎಂದು ಹಜರಾಬಿಯನ್ನು ಕರೆಸಿದರು. ಎಳೆಯುವ ಸೈನಿಕನ ಪಾತ್ರಕ್ಕೆ ರಾಜೇಸಾಬನನ್ನು ಹಾಕಿದವನು ಮ್ಯಾನೇಜರ್ ಗೋವಿಂದ. ಪರಪುರುಷ ಮುಟ್ಟಿದರೆ ನಾಳೆ ಊರಿನಲ್ಲಿ ಮಾತು ಬರುತ್ತದೆ, ಗಂಡನೇ ಆದರೆ ಯಾರದೂ ತಕರಾರಿಲ್ಲ ಎಂಬುದು ಅವನ ಲೆಕ್ಕ. ಅವನ ದೃಷ್ಟಿಯಲ್ಲಿ ಅದು ಮರ್ಯಾದೆಯ ಕೆಲಸ.

ಹಜರಾಬಿ ಒಲ್ಲೆ ಅನ್ನಬಹುದಿತ್ತು. ಅನ್ನದಿದ್ದುದಕ್ಕೆ ಕಾರಣ ಗೋವಿಂದ ಅದರ ಜೊತೆಗೆ ತಂದ ಇನ್ನೊಂದು ಮಾತು. ಇಲ್ಲಿಯ ಕೆಲಸ ಮುಗಿದರೆ ತಂಡ ಆಳಂದದ ಆಚೆಯ ಗುಡ್ಡಕ್ಕೆ ಹೋಗುವುದಿತ್ತು, ಅಲ್ಲಿ ನಾಲ್ಕು ತಿಂಗಳು. ಆ ಶಾಟ್ ಚೆನ್ನಾಗಿ ಬಂದರೆ ನಾಲ್ಕೂ ತಿಂಗಳ ರೊಟ್ಟಿ ಹಜರಾಬಿಯದೇ, ಕರಾರು ಪತ್ರ ಅವತ್ತೇ ಎಂದಿದ್ದ. ಅಫಜಲಪುರದ ಬಸ್ ಸ್ಟ್ಯಾಂಡಿನ ಹಿಂದೆ ಆಕೆ ಒಂದು ಖೋಲಿ ನೋಡಿಟ್ಟಿದ್ದಳು. ಒಂದು ಕಿಟಕಿ, ಒಂದು ನಳ, ಫರಸಿ ಕಲ್ಲು ಹಾಸಿದ ನೆಲ. ಅಲ್ಲಿ ಒಲೆ ಹಚ್ಚಿದರೆ ಬೋರ್ಡಿನ ಮೇಲೆ ಆಕೆಯ ಹೆಸರು. ಬೀಗದ ಕೈ ಆಕೆಯ ಸೆರಗಿನಲ್ಲಿ. ಗಂಡನ ಮನೆಯ ಹಿತ್ತಲಿನಲ್ಲಿ, ಗಂಡ ಎದ್ದನೋ ಉಂಡನೋ ಎಂದು ಒಂದು ಕಿವಿ ಅತ್ತ ಇಟ್ಟುಕೊಂಡೇ ಬಡಿಯುವ ರೊಟ್ಟಿಗೂ, ಆ ಖೋಲಿಯಲ್ಲಿ ಬಡಿಯುವ ರೊಟ್ಟಿಗೂ ವ್ಯತ್ಯಾಸವಿದೆ. ಜೇವರ್ಗಿಯಲ್ಲಿ ಬಿಎಡ್ ಓದುವ ಮಗಳು ಫರಹೀನಳಿಗೆ ಮಾತ್ರ ಆ ಖೋಲಿಯ ವಿಷಯ ಗೊತ್ತಿತ್ತು. ನಾಲ್ಕು ತಿಂಗಳ ಕೆಲಸ ಸಿಕ್ಕರೆ ಖೋಲಿ ಸಿಕ್ಕ ಹಾಗೇ. ಇಲ್ಲವಾದರೆ ಇಲ್ಲ.

ಶಾಟಿನ ದಿನ ಸಹಾಯಕ ನಿರ್ದೇಶಕಿ ವೃಂದಾ ಆಕೆಯನ್ನು ಸಿಂಗರಿಸಿದಳು. ಚಿಕ್ಕ ಹುಡುಗಿ, ಕೈಯಲ್ಲಿ ಯಾವಾಗಲೂ ಹಾಳೆಗಳ ಕಟ್ಟು, ಹಜರಾಬಿಯನ್ನು ಆಂಟಿ ಅನ್ನುತ್ತಿದ್ದಳು. ಕೊರಳಿನ ಕರಿಮಣಿಯ ಲಚ್ಚಾ ತೆಗೆಸಿ ಹಿತ್ತಾಳೆಯ ಕಂಠಿ ಹಾಕಿದಳು, ಹಣೆಗೆ ಕುಂಕುಮ ಇಟ್ಟಳು. ನರೆತ ಕೂದಲಿಗೆ ಕಪ್ಪು ಹಚ್ಚಿ, ಅದರ ಮೇಲೆ ದೊಡ್ಡ ಚೌರಿ ಸೇರಿಸಿ ತುರುಬು ಕಟ್ಟಿದಳು. ಎಳೆದರೆ ನೋವಾಗುವುದಿಲ್ಲ, ಚೌರಿಯನ್ನೇ ಹಿಡಿಯುತ್ತಾರೆ ಎಂದಳು. ಕನ್ನಡಿಯಲ್ಲಿ ಕಂಡವಳು ಯಾರೆಂದು ಹಜರಾಬಿಗೆ ತಿಳಿಯಲಿಲ್ಲ, ಆದರೆ ಕೈ ಮಾತ್ರ ಆಕೆಯದೇ.

ಮೊದಲ ಸಲ ರಾಜೇಸಾಬ ನುಗ್ಗಿ ಹಿಡಿದಾಗ ಚೌರಿ ಕಿತ್ತು ಅವನ ಕೈಗೆ ಬಂತು. ಎಲ್ಲರೂ ನಕ್ಕರು, ಹಜರಾಬಿಯೂ ನಕ್ಕಳು. ಚೌರಿ ಬೇಡ, ಬುಡದ ಕೂದಲನ್ನೇ ಹಿಡಿಯಲಿ ಎಂದ ನಿರ್ದೇಶಕ. ಹೇಗೆ ಹಿಡಿಯಬೇಕೆಂದು ತೋರಿಸಲು ಕೈ ಮುಂದೆ ಮಾಡಿದವನು ಅರ್ಧಕ್ಕೇ ನಿಲ್ಲಿಸಿದ, ಯಾಕೆಂದರೆ ರಾಜೇಸಾಬನ ಬೆರಳುಗಳು ಆಗಲೇ ಸರಿಯಾದ ಜಾಗಕ್ಕೆ ಹೋಗಿದ್ದವು. ಕಿವಿಯ ಹಿಂದೆ, ಬುಡಕ್ಕೆ, ಅಂಗೈ ಒಮ್ಮೆ ತಿರುವಿ.

"ವಾ, ನ್ಯಾಚುರಲ್. ಎಲ್ಲಿ ಕಲಿತ್ರಿ?" ಎಂದ ನಿರ್ದೇಶಕ.

ರಾಜೇಸಾಬ ಕೈ ಹಿಂದಕ್ಕೆ ತೆಗೆದುಕೊಂಡ. ಸುರ್ಮಾ ಹಚ್ಚಿದ ಕಣ್ಣು ನೆಲಕ್ಕೆ ಹೋಯಿತು.

ಎರಡನೆಯ ಸಲ ಎಲ್ಲ ಸರಿಯಾಯಿತು, ಒಂದನ್ನು ಬಿಟ್ಟು. ಕೂದಲಿಗೆ ಕೈ ಬಿದ್ದ ಗಳಿಗೆಯಲ್ಲಿ ಹಜರಾಬಿಯ ಎಡಗೈ ತಾನಾಗಿ ಚಾಚಿ, ಹಂಚಿನ ಮೇಲಿನ ರೊಟ್ಟಿಯನ್ನು ಎತ್ತಿ ಬುಟ್ಟಿಗೆ ಒಗೆಯಿತು. ಆಮೇಲೆ ಆಕೆ ಎಳೆಸಿಕೊಂಡು ಹೋದಳು. ಹೊಗೆಗೆಂದು ಕಾದು ನಿಂತ ಕ್ಯಾಮೆರಾಕ್ಕೆ ಸಿಕ್ಕದ್ದು ಖಾಲಿ ಹಂಚು. ಮೂರನೆಯ ಸಲ ಹಾಗೆ ಮಾಡಬಾರದು ಎಂದು ಹೇಳಿದರು. ಆಯಿತು ಅಂದಳು. ಮತ್ತೆ ಎಡಗೈ ಹೋಯಿತು. ನಾಲ್ಕನೆಯ ಸಲವೂ ಹೋಯಿತು. ಐದನೆಯ ಸಲ ಎಡಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಳು, ಬಲಗೈ ಹೋಯಿತು. ಪ್ರತಿ ಸಲವೂ ರಾಜೇಸಾಬನ ಹಿಡಿತ ಇನ್ನಷ್ಟು ಪಳಗುತ್ತಿತ್ತು. ಆರನೆಯ ಸಲಕ್ಕೆ ಹಜರಾಬಿಯ ಕಣ್ಣಲ್ಲಿ ನೀರು ಬಂತು. ಗ್ಲಿಸರಿನ್ ಇಲ್ಲದೆ ಬಂತಲ್ಲ ಎಂದು ಯಾರೋ ಮೆಚ್ಚಿದರು.

ನಿರ್ದೇಶಕ ಕುರ್ಚಿಯಿಂದ ಎದ್ದು ಬಂದ. ಸಿಟ್ಟು ತೋರಿಸಲಿಲ್ಲ, ದೊಡ್ಡವರು ಸಣ್ಣ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ದನಿಯಲ್ಲಿ ಕೇಳಿದ. "ಅಮ್ಮ, ಪ್ರಾಣ ಹೋಗೋ ಹೊತ್ತಲ್ಲಿ ಯಾರಾದರೂ ರೊಟ್ಟಿ ತೆಗೀತಾರಾ? ಜನ ನಗ್ತಾರೆ."

ಕೊಡೆಯ ಕೆಳಗಿನಿಂದ ಕಲ್ಲಿನಾಥ ಸರ್ ದನಿಗೂಡಿಸಿದರು. "ಅದು ಸಹಜ ಅಲ್ಲವ್ವ. ಹೆದರಿದ ಮನಿಷಾಗ ಅಷ್ಟು ಎಚ್ಚರ ಇರಂಗಿಲ್ಲ."

ಹಜರಾಬಿ ನೆಲದ ಮೇಲೆಯೇ ಕೂತಿದ್ದಳು. ಜಗ್ಗಿಸಿಕೊಂಡ ಕಡೆ ತಲೆ ಧಗಧಗ ಅನ್ನುತ್ತಿತ್ತು. ಇವರು ಇಷ್ಟು ಖಾತ್ರಿಯಿಂದ ಹೇಳುತ್ತಾರಲ್ಲ ಎನ್ನಿಸಿತು. ಕತ್ತಿಯ ಬಾಗು ಗೊತ್ತಿದ್ದವರಿಗೆ ಇದೂ ಗೊತ್ತಿರಬೇಕೆಂದು ಯಾರು ಹೇಳಿದರು?

ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ಫರಹೀನಳಿಗೆ ಎಂಟು ತಿಂಗಳು, ಮೂರು ದಿನದಿಂದ ಜ್ವರ. ರಾತ್ರಿ ರಾಜೇಸಾಬ ಹೇಳದೆ ಕೇಳದೆ ಇಬ್ಬರು ಗೆಳೆಯರನ್ನು ಕರೆದುಕೊಂಡು ಟ್ರಕ್ಕಿನಿಂದ ಇಳಿದಿದ್ದ. ರೊಟ್ಟಿ ತಡವಾಯಿತು. ಹೊರಗೆ ಗೆಳೆಯರು ಏನೋ ಅಂದು ನಕ್ಕರು. ಅವನು ಅಡುಗೆಮನೆಗೆ ಬಂದವನೇ ಕೂದಲಿಗೆ ಕೈ ಹಾಕಿದ. ಹಂಚಿನ ಮೇಲೆ ಒಂದು ರೊಟ್ಟಿ ಇತ್ತು, ನೀರು ಸವರಿ ಆಗಷ್ಟೇ ತಿರುವಿದ್ದಳು. ಎಡಗೈ ಅದನ್ನು ಎತ್ತಿ ಬುಟ್ಟಿಗೆ ಹಾಕಿತು, ಆಮೇಲೆ ಆಕೆ ಅಂಗಳದವರೆಗೆ ಹೋದಳು. ಯಾಕೆ ಎತ್ತಿದೆ ಎಂದು ಎಷ್ಟೋ ಸಲ ಯೋಚಿಸಿದ್ದಾಳೆ. ಸುಟ್ಟರೆ ಅದಕ್ಕೂ ಹೊಡೆತ ಬೀಳುತ್ತದೆಂದೇ? ಮನೆಯಲ್ಲಿ ಅವತ್ತು ಅಷ್ಟೇ ಹಿಟ್ಟಿತ್ತೆಂದೇ? ಗೊತ್ತಿಲ್ಲ. ಅತ್ತೆ ಖುರ್ಷಿದಬೇಗಂ ಬಾಗಿಲಲ್ಲಿ ನಿಂತು ನೋಡಿ, ಮಗುವನ್ನು ಎತ್ತಿಕೊಂಡು ಒಳಗೆ ಹೋಗಿದ್ದರು. ಆಮೇಲೆ ಹಜರಾಬಿ ಎದ್ದು, ಕೂದಲು ಗಂಟು ಹಾಕಿ, ಉಳಿದ ರೊಟ್ಟಿ ಬಡಿದಳು. ಎತ್ತಿ ಇಟ್ಟ ಆ ರೊಟ್ಟಿಯನ್ನು ರಾಜೇಸಾಬನೇ ಉಂಡ. ಅವನ ಗೆಳೆಯರೂ ಅತ್ತೆಯೂ ಈಗಿಲ್ಲ. ಆ ರಾತ್ರಿಯನ್ನು ನೆನಪಿಟ್ಟುಕೊಂಡವರು ಇಬ್ಬರೇ, ಮತ್ತು ಅದರ ಬಗ್ಗೆ ಇಬ್ಬರೂ ಒಂದು ದಿನವೂ ಮಾತಾಡಿರಲಿಲ್ಲ. ಮಗಳಿಗೂ ಹೇಳಿರಲಿಲ್ಲ.

"ತೆಗೀತಾರ್ರಿ," ಅಂದಳು ಹಜರಾಬಿ.

"ಯಾರು?"

"ನಾ ತಗದೇನ್ರಿ."

ಬುಟ್ಟಿಗಳ ಹತ್ತಿರ ನಿಂತಿದ್ದ ಭಾಗೀರಥಿಬಾಯಿ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಎಳೆದವನು ಯಾರೆಂದು ನಿರ್ದೇಶಕ ಕೇಳಿದ. ಹಜರಾಬಿ ಹೇಳುವ ಅಗತ್ಯ ಬೀಳಲಿಲ್ಲ. ಎಲ್ಲರ ಕಣ್ಣೂ ತಿರುಗಿದ ಕಡೆ ರಾಜೇಸಾಬ ಕಪ್ಪು ಅಂಗಿಯ ತುದಿ ತಿರುವುತ್ತ ನಿಂತಿದ್ದ.

"ಸಣ್ಣ ವಯಸ್ಸಿತ್ತು ಸಾಹೇಬ್ರ," ಅಂದ. "ತಲಿ ಬಿಸಿ ಇತ್ತು."

ಯಾರೋ ಕಿಸಕ್ಕನೆ ನಕ್ಕರು. ಒಬ್ಬರು ನಕ್ಕರೆ ಉಳಿದವರಿಗೆ ಸುಲಭವಾಗುತ್ತದೆ. ಅವರವರ ಮನೆಯ ಒಲೆಗಳನ್ನು ನೆನೆಸಿಕೊಂಡು ಎರಡೂ ದಂಡಿನ ಗಂಡಸರು ಒಟ್ಟಿಗೆ ನಕ್ಕರು. ಹೆಂಗಸರು ಬುಟ್ಟಿಗಳ ಕಡೆ ಮುಖ ಮಾಡಿದರು.

ಈಗ ಎಲ್ಲರೂ ತನ್ನನ್ನು ಅಯ್ಯೋ ಪಾಪ ಅನ್ನುತ್ತಾರೆ, ಇಲ್ಲವೇ ಮನೆಯ ಮಾತು ಬಯಲಿಗೆ ತಂದಳೆಂದು ಬೈಯುತ್ತಾರೆ ಎಂದು ಹಜರಾಬಿ ಎಣಿಸಿದ್ದಳು. ಎರಡೂ ಆಗಲಿಲ್ಲ. ನಿರ್ದೇಶಕನ ಮುಖ ದೀಪ ಹಚ್ಚಿದ ಹಾಗಾಯಿತು. ಇಂಥದ್ದನ್ನೇ ತಾನು ಹುಡುಕುತ್ತಿದ್ದೆ, ಯಾವ ಪುಸ್ತಕದಲ್ಲೂ ಇದು ಸಿಗುವುದಿಲ್ಲ, ಸುಟ್ಟ ರೊಟ್ಟಿಗಿಂತ ಇದು ನೂರು ಪಾಲು ಮೇಲು ಎಂದ. ಹೊಗೆ ಬೇಡ, ರೊಟ್ಟಿ ಎತ್ತುವ ಕೈಗೆ ಕ್ಯಾಮೆರಾ ಇಡಿ ಎಂದು ಕೂಗಿದ. ಬಿಸಿಲು ಇಳಿಯಲಿ, ನಾಲ್ಕು ಗಂಟೆಗೆ ತೆಗೆಯೋಣ, ಅವತ್ತು ಹೇಗೆ ನಡೆದಿತ್ತೋ ಹಾಗೇ, ಗಂಡ ಹೆಂಡತಿ ಇಬ್ಬರೂ ಇರುವುದು ನಮ್ಮ ಪುಣ್ಯ ಎಂದ.

ಕಲ್ಲಿನಾಥ ಸರ್ ಡೈರಿ ಹಿಡಿದು ಹತ್ತಿರ ಬಂದಿದ್ದರು.

"ಇದು ಯಾವ ಇಸವಿದವ್ವ?"

ಹಜರಾಬಿ ಅವರ ಮುಖ ನೋಡಿದಳು. ತಮಾಷೆ ಮಾಡುತ್ತಿರಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಕಾದಿದ್ದರು. ಮಗಳು ಎಂಟು ತಿಂಗಳಿನವಳಿದ್ದಳು ಎಂದಳು. ಅವರು ಲೆಕ್ಕ ಹಾಕಿ ಇಸವಿ ಬರೆದು, ಪಕ್ಕದಲ್ಲಿ ಮೌಖಿಕ ಆಧಾರ ಎಂದು ಸೇರಿಸಿ, ಅಡಿಗೆರೆ ಎಳೆದರು. ಆಕೆಯ ಹೆಸರನ್ನು ಈ ಸಲವೂ ಕೇಳಲಿಲ್ಲ.

ನಾಲ್ಕಕ್ಕೆ ಇನ್ನೂ ಎರಡು ಗಂಟೆ ಇತ್ತು. ಹಜರಾಬಿ ಬಿದಿರು ತಟ್ಟಿಯ ಆ ಅಡುಗೆಯ ಬಿಡಾರದೊಳಗೆ ಕೂತಳು. ಗೋವಿಂದ ಬ್ಯಾಗಿನಿಂದ ಕರಾರು ಪತ್ರ ತೆಗೆದು ಕೈಗೆ ಕೊಟ್ಟು, ಶಾಟ್ ಆದ ಮೇಲೆ ಸಹಿ ಮಾಡಿದರಾಯಿತು, ನಾಲ್ಕು ತಿಂಗಳು ನಿಮ್ಮದೇ ಎಂದು ಹೋದ. ಭಾಗೀರಥಿಬಾಯಿ ಬಂದು ಪಕ್ಕದಲ್ಲಿ ಕೂತು, ಆಕೆಯ ಹಣೆಯ ಮೇಲೆ ಇಳಿದಿದ್ದ ಕಪ್ಪು ಬಣ್ಣವನ್ನು ಸೆರಗಿನಿಂದ ಒರೆಸಿದಳು. ನಮ್ಮ ಏಳು ಮಂದಿಯ ಒಲೆಯೂ ಆ ಕಾಗದದಲ್ಲಿದೆ, ಮಾಡು ಅನ್ನಲು ಬಾಯಿ ಬರುತ್ತಿಲ್ಲ, ಬಿಡು ಅನ್ನಲೂ ಬರುತ್ತಿಲ್ಲ ಅಂದಳು. ಅಷ್ಟು ಹೇಳಿ ಎದ್ದು ಹೋದಳು. ಫರಹೀನಳ ಫೋನು ಬಂತು. ಹಜರಾಬಿ ತೆಗೆಯಲಿಲ್ಲ. ಹೇಳಿದರೆ ಮಗಳು ಬಿಟ್ಟು ಬಾ ಅನ್ನುತ್ತಾಳೆಂದು ಗೊತ್ತಿತ್ತು. ಗೊತ್ತಿದ್ದ ಮಾತನ್ನು ಕೇಳಿ ಅದರ ಹಾಗೆ ಮಾಡಿದರೆ ಅದು ಮಗಳು ಮಾಡಿದ್ದಾಗುತ್ತದೆ.

ಆಮೇಲೆ ರಾಜೇಸಾಬ ಬಂದ. ಕೈಯಲ್ಲಿ ಚಹಾದ ಕಪ್ಪು. ಮದುವೆಯಾಗಿ ಇಪ್ಪತ್ಮೂರು ವರ್ಷದಲ್ಲಿ ಅವನು ಆಕೆಗೆ ಚಹಾ ತಂದುಕೊಟ್ಟದ್ದು ಅದೇ ಮೊದಲು. ಎದುರಿಗೆ ಕುಕ್ಕುರುಗಾಲಿನಲ್ಲಿ ಕೂತ. ಕ್ಷಮಿಸು ಅನ್ನುತ್ತಾನೇನೋ ಎಂದು ಒಂದು ಗಳಿಗೆ ಆಕೆಗೆ ಅನ್ನಿಸಿದ್ದು ನಿಜ.

"ಒಂದು ಸಲ ಮುಗಿಸಿಬಿಡಬೇ," ಅಂದ. "ಎಲ್ಲಾರೂ ನೋಡ್ಯಾರ. ಈಗ ನೀ ಒಲ್ಲೆ ಅಂದ್ರ ನನ್ನ ಮಾರಿ ಏನಾಗ್ತದ? ಮಾಡಿದ್ರ ಅದು ಆಟ ಅಂತಾರ, ಮರೀತಾರ."

ಹಜರಾಬಿ ಕಪ್ಪನ್ನು ಕೆಳಗಿಟ್ಟಳು.

"ನಿನಗ ನೋವಾಗದಂಗ ಹಿಡಿತೇನಿ. ಮುಂಜಾನಿ ಅವರು ನೋಡಾಕತ್ತಿದ್ರು ಅಂತ ಜರಾ ಜೋರ್ ಆತು. ಹೆಂಗ ಹಿಡದ್ರ ನೋವಾಗಂಗಿಲ್ಲ, ನನಗ ಗೊತ್ತದ."

ಗೊತ್ತಿದೆ. ಹಜರಾಬಿಗೆ ಆ ಒಂದು ಮಾತು ಬಿಟ್ಟು ಮುಂದಿನದು ಕೇಳಿಸಲಿಲ್ಲ. ಸಿಟ್ಟಿನಲ್ಲಿದ್ದಾಗ ಅವನ ಕೈ ಅವನ ಮಾತು ಕೇಳುವುದಿಲ್ಲ ಎಂದು ಆಕೆ ಇಪ್ಪತ್ತು ವರ್ಷ ನಂಬಿಕೊಂಡು ಬಂದಿದ್ದಳು. ಆ ನಂಬಿಕೆಯ ಮೇಲೆಯೇ ಅವನ ಅಂಗಿ ಒಗೆದಿದ್ದಳು, ಬೆನ್ನು ತಿಕ್ಕಿದ್ದಳು. ಇವತ್ತು ಅವನಿಗೆ ಸಿಟ್ಟಿರಲಿಲ್ಲ, ಗೆಳೆಯರಿರಲಿಲ್ಲ, ತಡವಾದ ರೊಟ್ಟಿ ಇರಲಿಲ್ಲ. ನೋಡುವವರಿದ್ದರು, ಅಷ್ಟೇ. ಅವತ್ತೂ ಅಂಗಳದಲ್ಲಿ ನೋಡುವವರೇ ಇದ್ದರು.

ಅವನು ಎದ್ದು ಹೋದ ಮೇಲೆ ಆಕೆ ಕರಾರು ಪತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಖೋಲಿಯ ಕಿಟಕಿ ನೆನಪಾಯಿತು, ಫರಸಿಯ ತಂಪು ನೆನಪಾಯಿತು. ಒಂದು ನಿಮಿಷದ ಕೆಲಸ. ಇದಕ್ಕಿಂತ ಹೆಚ್ಚಿನದನ್ನು ಇದಕ್ಕಿಂತ ಕಡಿಮೆಗೆ ಮಾಡಿದ್ದಾಳೆ, ಎಲ್ಲ ಹೆಂಗಸರೂ ಮಾಡಿದ್ದಾರೆ. ಮಾಡಿದರೆ ಖೋಲಿ ಬರುತ್ತದೆ, ಅವನಿಂದ ಅಷ್ಟು ದೂರವೂ ಸಿಗುತ್ತದೆ. ಆದರೆ ಆ ಖೋಲಿಯ ಬಾಗಿಲು ತೆರೆಯಲು ಅವನ ಕೈ ತನ್ನ ತಲೆಯ ಮೇಲೆ ಇನ್ನೊಂದು ಸಲ ಬೀಳಬೇಕು, ನೋವಾಗದ ಹಾಗೆ. ಲೋಕವೆಲ್ಲ ಅದನ್ನು ಸಾವಿರ ವರ್ಷದ ಹಿಂದೆ ಯಾವನೋ ವೈರಿ ಮಾಡಿದ್ದೆಂದು ನೋಡಬೇಕು.

ಆಕೆ ಎದ್ದು ಹಣೆಯ ಕುಂಕುಮ ಒರೆಸಿದಳು. ಹಿತ್ತಾಳೆಯ ಕಂಠಿ ಬಿಚ್ಚಿ ಒಲೆಯ ಪಕ್ಕದ ಕಲ್ಲಿನ ಮೇಲಿಟ್ಟಳು. ತಟ್ಟಿಯ ಹಿಂದೆ ಹೋಗಿ ತನ್ನ ಸೀರೆ ಉಟ್ಟುಕೊಂಡಳು.

ನಾಲ್ಕಕ್ಕೆ ವೃಂದಾ ಒಳಗೆ ಬಂದವಳು ನೋಡಿ ಬಾಗಿಲಲ್ಲೇ ನಿಂತಳು. ಹಜರಾಬಿ ಕರಾರು ಪತ್ರವನ್ನು ಅವಳ ಕೈಗೆ ಕೊಟ್ಟಳು.

"ಗೋವಿಂದ ಸಾಹೇಬರಿಗಿ ಕೊಡವ್ವ. ನಾ ಕೂಡಂಗಿಲ್ಲ."

ವೃಂದಾ ಹೊರಗೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಆಂಟಿ, ನೀವು ಕೂರದಿದ್ದರೆ ಬೇರೆ ಯಾರನ್ನಾದರೂ ಕೂರಿಸ್ತಾರೆ. ರೊಟ್ಟಿ ತೆಗೆಯೋದನ್ನ ಬಿಡಲ್ಲ. ಅದು ಆಗಲೇ ಸ್ಕ್ರಿಪ್ಟಲ್ಲಿ ಬಂದುಬಿಟ್ಟಿದೆ."

ಇದು ಹಜರಾಬಿಗೆ ಹೊಳೆದಿರಲಿಲ್ಲ. ಒಲೆಯ ಕಡೆ ನೋಡಿದಳು. ಹೇಳಿಬಿಟ್ಟ ಮಾತನ್ನು ಯಾವ ಬುಟ್ಟಿಗೂ ಎತ್ತಿಡಲು ಬರುವುದಿಲ್ಲ.

"ಕೂಡಿಸಲಿ," ಅಂದಳು ಕೊನೆಗೆ. "ಯಾರ ಕೈಲೆ ಬೇಕಾದ್ರೂ ತಗಸಲಿ. ನನ್ನ ಕೈಲೆ ಬ್ಯಾಡ."

ಹೊರಗೆ ಮೈಕಿನಲ್ಲಿ ರಾಜೇಸಾಬನನ್ನು ಕರೆಯುತ್ತಿದ್ದರು. ಕಪ್ಪು ಅಂಗಿಯವರು ಸಾಲುಗಟ್ಟಿ ನಿಂತಿದ್ದರು. ಹಜರಾಬಿ ಅವರ ಮುಂದೆ ಹಾಯದೆ, ಬಿಡಾರದ ಹಿಂದಿನ ತಟ್ಟಿಯನ್ನು ಸರಿಸಿ, ಹೊಳೆಯ ದಂಡೆ ಹಿಡಿದು ರಸ್ತೆಯ ಕಡೆ ನಡೆದಳು.